ವೆಲಾಸ್ಕೆಸ್ ಸಾಹೇಬರ ಸರ್ವಿಸ್ ಬುಕ್ಕು

ನಮ್ಮ ಪಕ್ಕದ ಮನೆಯ ಶಿರಸ್ತೇದಾರರಿಗೆ ಯಾರ ಕಥೆ ಹೇಳಿದರೂ ಅವರ ಮೊದಲ ಪ್ರಶ್ನೆ ಒಂದೇ: "ಪರ್ಮನೆಂಟಾ, ಟೆಂಪರರಿಯಾ?" ಕಚೇರಿ ಬಿಟ್ಟು ಬಂದು ವರ್ಷಗಳಾದವು, ಕಚೇರಿ ಅವರನ್ನು ಬಿಟ್ಟಿಲ್ಲ. ಕಾಂಪೌಂಡಿನ ಆಚೆ ಅವರು ದಾಸವಾಳದ ಬುಡಕ್ಕೆ ನೀರು ಬಿಡುತ್ತಿದ್ದರು, ಈಚೆ ನಾನು ನಿಂತಿದ್ದೆ. ಹುಣಸೆಹಣ್ಣಿನ ರೇಟಿನಿಂದ ಹೊರಟ ಮಾತು ಮ್ಯಾಡ್ರಿಡ್ಡಿನ ಅರಮನೆಗೆ ಹೇಗೆ ಬಂತೆಂದು ಕೇಳಬೇಡಿ, ಹರಟೆಗೆ ರೂಟ್ ಬೋರ್ಡ್ ಇರುವುದಿಲ್ಲ. ಅಂತೂ ಡಿಯೇಗೊ ವೆಲಾಸ್ಕೆಸ್ ಅಂತ ಒಬ್ಬ ಚಿತ್ರಕಾರ ಇದ್ದ, ಸ್ಪೇನಿನ ರಾಜನ ಆಸ್ಥಾನದಲ್ಲಿ 37 ವರ್ಷ ಇದ್ದ ಎಂದೆ.

"37 ವರ್ಷ!" ಶಿರಸ್ತೇದಾರರ ಕೈಯಲ್ಲಿದ್ದ ಪೈಪು ದಾಸವಾಳ ಬಿಟ್ಟು ಗೋಡೆಗೆ ನೀರು ಹಾಕತೊಡಗಿತು. "ಹಾಗಾದ್ರೆ ಪರ್ಮನೆಂಟೇ ಬಿಡಿ. ಅಪಾಯಿಂಟ್‌ಮೆಂಟ್ ಹೇಗಾಯ್ತು? ಪರೀಕ್ಷೇನೋ, ಶಿಫಾರಸೋ?"

ಎರಡೂ ಸಾರ್, ಎಂದೆ. ಹುಟ್ಟಿದ್ದು 1599ರಲ್ಲಿ, ದಕ್ಷಿಣದ ಸೆವಿಲ್ ಊರಿನಲ್ಲಿ. ಅಪ್ಪನ ಕಡೆಯವರು ಪೋರ್ಚುಗಲ್ಲಿನಿಂದ ಬಂದವರು. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಪಚೇಕೊ ಎಂಬ ಚಿತ್ರಕಾರನ ಮನೆಗೆ ಶಿಷ್ಯನಾಗಿ ಸೇರಿದ. ಈ ಪಚೇಕೊ ಚಿತ್ರಕಾರನಾಗಿ ಅಷ್ಟಕ್ಕಷ್ಟೆ, ಮೇಷ್ಟ್ರಾಗಿ ದೊಡ್ಡವನು. ಊರಿನ ಕವಿಗಳು, ಪಂಡಿತರು, ಪಾದ್ರಿಗಳು ಎಲ್ಲ ಅವನ ಜಗಲಿಯಲ್ಲೇ ಕೂರುತ್ತಿದ್ದರು. ಹುಡುಗ ಬಣ್ಣ ಅರೆಯುತ್ತ ಅರೆಯುತ್ತ ದೊಡ್ಡವರ ಮಾತನ್ನೂ ಕಿವಿಗೆ ಹಾಕಿಕೊಂಡ. 1617ರಲ್ಲಿ ಚಿತ್ರಕಾರರ ಸಂಘದ ಪರೀಕ್ಷೆ ಪಾಸಾಯಿತು. ಮರುವರ್ಷ ಮೇಷ್ಟ್ರ ಮಗಳು ಹುವಾನಾಳ ಜೊತೆ ಮದುವೆಯೂ ಆಯಿತು.

"ಜಾಣ," ಎಂದರು ಶಿರಸ್ತೇದಾರರು. ಯಾರು ಜಾಣ, ಮಾವನೋ ಅಳಿಯನೋ, ಹೇಳಲಿಲ್ಲ.

ಆ ವಯಸ್ಸಿನಲ್ಲಿ ಅವನು ಬರೆದದ್ದು ರಾಜರಾಣಿಯರನ್ನಲ್ಲ. ಒಂದು ಚಿತ್ರದಲ್ಲಿ ಮುದುಕಿಯೊಬ್ಬಳು ಮಣ್ಣಿನ ಒಲೆಯ ಮೇಲೆ ಮೊಟ್ಟೆ ಬೇಯಿಸುತ್ತಿದ್ದಾಳೆ. ಬಿಳಿ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ, ಅಂಚಿನಲ್ಲಿ ಮಾತ್ರ ಹೆಪ್ಪುಗಟ್ಟುತ್ತಿದೆ. ಆ ಕ್ಷಣವನ್ನು ಹತ್ತೊಂಬತ್ತರ ಹುಡುಗ ಹಿಡಿದಿದ್ದಾನೆ. ಅದು ಈಗ ಎಡಿನ್‌ಬರೋದಲ್ಲಿದೆ. ಇನ್ನೊಂದರಲ್ಲಿ ಬೀದಿಯಲ್ಲಿ ನೀರು ಮಾರುವವನು, ಹರಿದ ಅಂಗಿ, ಮುಂದೆ ದೊಡ್ಡ ಮಣ್ಣಿನ ಹರವಿ, ಹರವಿಯ ಹೊಟ್ಟೆಯ ಮೇಲೆ ಜಾರಿದ ನೀರಿನ ಹನಿಗಳು. ನನ್ನನ್ನು ಕೇಳಿದರೆ, ಮುಂದೆ ಅವನು ಬರೆದ ಎಷ್ಟೋ ರೇಷ್ಮೆ ಜರತಾರಿಗಿಂತ ಆ ಹರವಿಯೇ ಹೆಚ್ಚು. ಆದರೆ ಹರವಿಗೆ ಸಂಬಳ ಕೊಡುವವರು ಯಾರು?

1622ರಲ್ಲಿ ಮ್ಯಾಡ್ರಿಡ್ಡಿಗೆ ಹೋಗಿ ಒಂದು ಪ್ರಯತ್ನ ಮಾಡಿದ. ಗೊಂಗೊರಾ ಎಂಬ ದೊಡ್ಡ ಕವಿಯ ಮುಖ ಬರೆದು ವಾಪಸ್ಸು ಬಂದ, ಅಷ್ಟೆ. ರಾಜನ ದರ್ಶನ ಆಗಲಿಲ್ಲ. ಅದೇ ವರ್ಷದ ಕೊನೆಗೆ ಆಸ್ಥಾನದ ಚಿತ್ರಕಾರನೊಬ್ಬ ತೀರಿಕೊಂಡ.

"ವೇಕೆನ್ಸಿ ಬಂತು!"

ಬಂತು. ಆಗ ನಾಲ್ಕನೆಯ ಫಿಲಿಪ್ ಪಟ್ಟಕ್ಕೆ ಬಂದು ಎರಡು ವರ್ಷ, ರಾಜನಿಗೆ ವಯಸ್ಸು ಹದಿನೆಂಟು. ರಾಜ್ಯಭಾರ ಎಲ್ಲ ಒಲಿವಾರೆಸ್ ಎಂಬ ಮಂತ್ರಿಯ ಕೈಯಲ್ಲಿ. ಆ ಒಲಿವಾರೆಸ್ ಸೆವಿಲ್ ಕಡೆಯ ಮನೆತನದವನು, ಅರಮನೆಯ ಪುರೋಹಿತ ಫೊನ್ಸೇಕಾನೂ ಸೆವಿಲ್‌ನವನು, ಅವನಿಗೆ ಪಚೇಕೊ ಗೊತ್ತು. ನಮ್ಮೂರ ಹುಡುಗ ಎಂದು ಕರೆಸಿಕೊಂಡರು. 1623ರ ಆಗಸ್ಟಿನಲ್ಲಿ ಹುಡುಗ ಮೊದಲು ಫೊನ್ಸೇಕಾನ ಚಿತ್ರವನ್ನೇ ಬರೆದ. ಅದನ್ನು ಅವತ್ತೇ ಅರಮನೆಗೆ ಹೊತ್ತುಕೊಂಡು ಹೋಗಿ ತೋರಿಸಿದರಂತೆ. ತಿಂಗಳು ಮುಗಿಯುವುದರೊಳಗೆ ರಾಜ ಕೂತ. ಅಕ್ಟೋಬರಿನಲ್ಲಿ ಆರ್ಡರ್ ಬಂತು: ತಿಂಗಳಿಗೆ 20 ಡಕಟ್ ಸಂಬಳ, ಬರೆದ ಚಿತ್ರಕ್ಕೆ ಬೇರೆ ಹಣ. ಇನ್ನು ಮುಂದೆ ರಾಜನನ್ನು ಎದುರಿಗೆ ಕೂರಿಸಿಕೊಂಡು ಬರೆಯುವ ಹಕ್ಕು ಇವನೊಬ್ಬನದೇ ಎಂದು ಮಂತ್ರಿಯ ಭರವಸೆ.

"ಅಂದ್ರೆ ಊರಿನವರ ಶಿಫಾರಸು," ಎಂದು ಶಿರಸ್ತೇದಾರರು ನಲ್ಲಿ ತಿರುಗಿಸಿ ಪೈಪನ್ನು ಕೆಳಗಿಟ್ಟರು. ಇನ್ನು ಮಾತು ಬೇಗ ಮುಗಿಯುವುದಿಲ್ಲ ಎಂಬುದರ ಗುರುತು ಅದು. "ಹಳಬರು ಸುಮ್ನೆ ಇದ್ರಾ? ಸೀನಿಯಾರಿಟಿ ಏನಾಯ್ತು?"

ಹಳಬರು ಎಲ್ಲಿಯೂ ಸುಮ್ಮನಿರುವುದಿಲ್ಲ. ಆಸ್ಥಾನದಲ್ಲಿ ಕಾರ್ದೂಚೊ, ಕಾಹೆಸ್, ನಾರ್ದಿ ಎಂದು ಮೂವರು ಹಿರಿಯ ಚಿತ್ರಕಾರರು ಇದ್ದರು. ಈ ಹುಡುಗನಿಗೆ ತಲೆ ಬರೆಯುವುದೊಂದು ಬಿಟ್ಟರೆ ಬೇರೇನೂ ಬಾರದು ಎಂದು ಅವರು ಆಡಿಕೊಂಡರಂತೆ. ರಾಜ ಆ ಮಾತನ್ನು ಇವನ ಕಿವಿಗೆ ಹಾಕಿದ. ತಲೆಯನ್ನೇ ನೆಟ್ಟಗೆ ಬರೆಯುವವರನ್ನು ನಾನಿನ್ನೂ ಕಂಡಿಲ್ಲ, ಹಾಗಾಗಿ ಇದು ಹೊಗಳಿಕೆಯೇ ಆಯಿತು ಎಂದು ಇವನು ಹೇಳಿದನಂತೆ. 1627ರಲ್ಲಿ ನಾಲ್ವರಿಗೂ ಒಂದೇ ವಿಷಯ ಕೊಟ್ಟು ಸ್ಪರ್ಧೆ ಇಟ್ಟರು. ಹಿಂದಿನ ರಾಜ ಮೊರಿಸ್ಕೊಗಳನ್ನು, ಅಂದರೆ ಕ್ರೈಸ್ತರಾಗಿ ಮತಾಂತರವಾದ ಮುಸಲ್ಮಾನರ ಸಂತತಿಯನ್ನು, ದೇಶದಿಂದ ಓಡಿಸಿದ್ದು ವಿಷಯ. ಓಡಿಸಿದ್ದು ದೊಡ್ಡ ಸಾಧನೆ ಎಂದು ಅವರಿಗೆಲ್ಲ ಅನ್ನಿಸಿತ್ತು, ಇರಲಿ. ಗೆದ್ದವನು ವೆಲಾಸ್ಕೆಸ್. ಆ ಚಿತ್ರ ಈಗಿಲ್ಲ. 1734ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಅರಮನೆಗೆ ಬೆಂಕಿ ಬಿದ್ದಾಗ ಸುಟ್ಟುಹೋದ ನೂರಾರು ಚಿತ್ರಗಳಲ್ಲಿ ಅದೂ ಒಂದು.

ಗೆದ್ದವನಿಗೆ ಬಹುಮಾನ ಏನು ಗೊತ್ತೆ? ರಾಜನ ಕೋಣೆಯ ಬಾಗಿಲಲ್ಲಿ ನಿಲ್ಲುವ ಅಧಿಕಾರಿಯ ಹುದ್ದೆ.

ಶಿರಸ್ತೇದಾರರು ಹುಬ್ಬು ಏರಿಸಿದರು. "ದ್ವಾರಪಾಲಕ?"

ಹೆಸರು ದೊಡ್ಡದು, ಕೆಲಸ ಅದೇ. ಇಲ್ಲಿಂದ ಶುರುವಾಗುತ್ತದೆ ನೋಡಿ ಅವನ ನಿಜವಾದ ಸರ್ವಿಸ್ ಬುಕ್ಕು. 1627ರಲ್ಲಿ ಬಾಗಿಲು. 1636ರಲ್ಲಿ ರಾಜನ ಬಟ್ಟೆಬರೆ ನೋಡಿಕೊಳ್ಳುವ ವಿಭಾಗದಲ್ಲಿ ಸಹಾಯಕ. 1643ರಲ್ಲಿ ರಾಜನ ಖಾಸಾ ಕೋಣೆಯಲ್ಲಿ ಸಹಾಯಕ. ಆಮೇಲೆ ಅರಮನೆಯ ಕಟ್ಟಡ ಕೆಲಸಗಳ ಮೇಲ್ವಿಚಾರಣೆ. ಒಂದೊಂದು ಹುದ್ದೆಗೂ ಒಂದೊಂದು ಭತ್ಯೆ. ಅವನಿಗೆ ದಿನಕ್ಕೆ 12 ರಿಯಾಲ್ ಪಡಿ ಮಂಜೂರಾಗಿತ್ತು, ಅದು ಅರಮನೆಯ ಕ್ಷೌರಿಕರಿಗೆ ಕೊಡುತ್ತಿದ್ದಷ್ಟೇ. ಮೇಲೆ ವರ್ಷಕ್ಕೆ 90 ಡಕಟ್ ಬಟ್ಟೆ ಭತ್ಯೆ.

"ಕ್ಷೌರಿಕರ ಸ್ಕೇಲಲ್ಲೇ ಇಟ್ಟಿದ್ರಾ!"

ಅದರಲ್ಲಿ ತಪ್ಪೇನಿಲ್ಲ ಎಂದು ಅಂದಿನವರ ಲೆಕ್ಕ. ಚಿತ್ರ ಬರೆಯುವುದು ಕೈಕಸುಬು. ಬಡಗಿ, ಅಕ್ಕಸಾಲಿ, ಚಿತ್ರಕಾರ ಎಲ್ಲ ಒಂದೇ ಸಾಲು. ಕೈಯಿಂದ ದುಡಿದು ತಿನ್ನುವವನು ದೊಡ್ಡಮನುಷ್ಯನಾಗುವುದು ಹೇಗೆ? ಈ ಮುಳ್ಳು ವೆಲಾಸ್ಕೆಸ್‌ನ ಎದೆಯಲ್ಲಿ ಕಡೆಯವರೆಗೂ ಇತ್ತು ಎಂದು ನನ್ನ ಅಭಿಪ್ರಾಯ. ಅವನು ಬಾಗಿಲು ಕಾಯಲು, ಬಟ್ಟೆ ಎಣಿಸಲು ಒಪ್ಪಿದ್ದು ದುಡ್ಡಿಗೆ ಮಾತ್ರವಲ್ಲ. ಬಾಗಿಲು ಕಾಯುವವನು ರಾಜಸೇವಕ, ಕುಂಚ ಹಿಡಿದವನು ಕಸುಬಿನವನು. ಲೋಕಕ್ಕೆ ಇದು ಉಲ್ಟಾ ಕಾಣುತ್ತದೆ, ಅವನಿಗೆ ನೇರವಾಗಿಯೇ ಕಾಣುತ್ತಿತ್ತು.

ಭತ್ಯೆ ಮಂಜೂರಾಗುವುದು ಬೇರೆ, ಕೈಗೆ ಬರುವುದು ಬೇರೆ ಎಂಬುದನ್ನು ಶಿರಸ್ತೇದಾರರಿಗೆ ವಿವರಿಸಬೇಕಾಗಲಿಲ್ಲ. ಅಮೆರಿಕದಿಂದ ಹಡಗುಗಟ್ಟಲೆ ಬೆಳ್ಳಿ ಬರುತ್ತಿದ್ದ ದೇಶ ಅದು. ಆದರೂ 1627ರಲ್ಲಿ ಒಮ್ಮೆ, 1647ರಲ್ಲಿ ಇನ್ನೊಮ್ಮೆ ಸಾಲಗಾರರಿಗೆ ಕೈಯೆತ್ತಿತು. ಡಚ್ಚರೊಡನೆ ಯುದ್ಧ, ಫ್ರಾನ್ಸಿನೊಡನೆ ಯುದ್ಧ, 1640ರಲ್ಲಿ ಕತಲೋನಿಯ ಮತ್ತು ಪೋರ್ಚುಗಲ್ ಎರಡೂ ತಿರುಗಿಬಿದ್ದವು. ಬೆಳ್ಳಿಯೆಲ್ಲ ಸೈನ್ಯದ ಹೊಟ್ಟೆಗೆ. ಚಿತ್ರಕಾರ ಬಾಕಿ ಸಂಬಳಕ್ಕೆ ಅರ್ಜಿ ಹಾಕಿಕೊಳ್ಳುತ್ತಲೇ ಇದ್ದ.

"ಅರಿಯರ್ಸು," ಎಂದರು ಶಿರಸ್ತೇದಾರರು, ತೀರಿಹೋದ ಗೆಳೆಯನ ಹೆಸರು ಕೇಳಿದವರಂತೆ.

ಆದರೆ ರಜೆಯ ವಿಷಯದಲ್ಲಿ ರಾಜ ಧಾರಾಳಿ. 1628ರಲ್ಲಿ ರೂಬೆನ್ಸ್ ಎಂಬ ಫ್ಲ್ಯಾಂಡರ್ಸಿನ ಮಹಾ ಚಿತ್ರಕಾರ ರಾಯಭಾರಿಯಾಗಿ ಮ್ಯಾಡ್ರಿಡ್ಡಿಗೆ ಬಂದ. ಇವನೊಬ್ಬನಿಗೇ ಇದ್ದ ಹಕ್ಕನ್ನು ಪಕ್ಕಕ್ಕಿಟ್ಟು ಅವನಿಂದಲೂ ರಾಜ ಚಿತ್ರ ಬರೆಸಿಕೊಂಡ. ವೆಲಾಸ್ಕೆಸ್ ಮುಖ ಊದಿಸಿಕೊಂಡು ಕೂರಲಿಲ್ಲ, ರೂಬೆನ್ಸ್ ಜೊತೆಗೇ ಓಡಾಡಿದ. ಚಿತ್ರಕಾರನೊಬ್ಬ ಮಂತ್ರಿಗಳ ಜೊತೆ ಸಮಸಮ ಕೂತು ಮಾತಾಡುವುದನ್ನು ಕಣ್ಣಾರೆ ಕಂಡ. ಇಟಲಿಗೆ ಹೋಗಯ್ಯಾ ಎಂದು ರೂಬೆನ್ಸ್ ಹುರಿದುಂಬಿಸಿದ. 1629ರ ಬೇಸಿಗೆಯಲ್ಲಿ ರಾಜ 400 ಡಕಟ್ ಕೊಟ್ಟು ಕಳಿಸಿದ. ಹೋದವನು ಬಂದದ್ದು 1631ರ ಜನವರಿಯಲ್ಲಿ.

"ವಿತ್ ಪೇ?"

ವಿತ್ ಪೇ.

"ಪುಣ್ಯಾತ್ಮ."

ಆ ಹಡಗಿನ ಪ್ರಯಾಣದಲ್ಲೇ ಒಂದು ಸ್ವಾರಸ್ಯ ಇದೆ. ಬಾರ್ಸಿಲೋನಾದಿಂದ ಜೊತೆಗೆ ಹೊರಟವನು ಸ್ಪಿನೋಲಾ ಎಂಬ ಸೇನಾಪತಿ, 1625ರಲ್ಲಿ ಡಚ್ಚರ ಬ್ರೆಡಾ ಕೋಟೆಯನ್ನು ಗೆದ್ದವನು. ಮರುವರ್ಷ ಸ್ಪಿನೋಲಾ ತೀರಿಕೊಂಡ. ನಾಲ್ಕೈದು ವರ್ಷವಾದ ಮೇಲೆ ಹೊಸ ಅರಮನೆಯ ದೊಡ್ಡ ಹಾಲಿಗೆ ಬ್ರೆಡಾ ಶರಣಾಗತಿಯ ಚಿತ್ರ ಬೇಕಾಯಿತು. ಸೋತವನು ಕೋಟೆಯ ಕೀಲಿ ಕೊಡಲು ಬಾಗುತ್ತಿದ್ದಾನೆ, ಗೆದ್ದ ಸ್ಪಿನೋಲಾ ಅವನ ಭುಜದ ಮೇಲೆ ಕೈಯಿಟ್ಟು ಬಗ್ಗದಂತೆ ತಡೆಯುತ್ತಿದ್ದಾನೆ. ಸೋತವನ ಮಾನ ಕಾಯುವ ಆ ಕೈಯನ್ನು ಹಡಗಿನ ಪರಿಚಯವಿಲ್ಲದೆ ಬರೆಯುವುದಕ್ಕೆ ಆಗುತ್ತಿತ್ತೇ ಎಂದು ನನಗೆ ಅನುಮಾನ. ಯುದ್ಧದ ಚಿತ್ರ ಅಂದರೆ ಹೆಣ, ರಕ್ತ, ಮೇಲಿನಿಂದ ಹೂಮಳೆ. ಇಲ್ಲಿ ಇಬ್ಬರು ದಣಿದ ಗಂಡಸರು ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದಾರೆ, ಹಿಂದೆ ಈಟಿಗಳು ನಿಂತಿವೆ, ಒಂದು ಕುದುರೆ ನಮಗೆ ಬೆನ್ನು ತಿರುಗಿಸಿದೆ. ಆಮೇಲೆ ಆ ಕೋಟೆಯನ್ನು ಡಚ್ಚರು ವಾಪಸ್ಸು ಗೆದ್ದುಕೊಂಡರು, ಅದು ಬೇರೆ ವಿಷಯ. ಚಿತ್ರ ಮಾತ್ರ ಸ್ಪೇನಿನವರ ಹತ್ತಿರವೇ ಉಳಿಯಿತು.

ಇಷ್ಟು ಹೊತ್ತಿಗೆ ಶಿರಸ್ತೇದಾರರ ಮನೆಯವರು ಹಪ್ಪಳದ ಚಾಪೆ ಮಡಿಸಿಕೊಂಡು ಹಿತ್ತಲಿನಿಂದ ಬಂದರು. "ರಾಜ ನೋಡೋಕೆ ಹೇಗಿದ್ದ?" ಎಂದರು. ನಾವಿಬ್ಬರು ಗಂಡಸರು ಅಷ್ಟು ಹೊತ್ತು ಮಾತಾಡಿದರೂ ಹೊಳೆಯದ ಪ್ರಶ್ನೆ.

ಚೆನ್ನಾಗಿರಲಿಲ್ಲ ಅಮ್ಮ, ಎಂದೆ. ಉದ್ದ ಮುಖ, ಪೇಲವ ಬಣ್ಣ, ಮುಂದಕ್ಕೆ ಚಾಚಿದ ಗದ್ದ, ದಪ್ಪ ಕೆಳದುಟಿ. ಆ ಗದ್ದ ವಂಶದ್ದು, ಹ್ಯಾಪ್ಸ್‌ಬರ್ಗ್ ಗದ್ದ ಎಂದೇ ಹೆಸರಾದದ್ದು. ಹುಡುಗನಾಗಿದ್ದಾಗಿನಿಂದ ಐವತ್ತು ದಾಟುವವರೆಗೆ ಆ ಗದ್ದವನ್ನು ವೆಲಾಸ್ಕೆಸ್ ಮತ್ತೆ ಮತ್ತೆ ಬರೆದ, ಒಮ್ಮೆಯೂ ಒಳಕ್ಕೆ ತಳ್ಳಲಿಲ್ಲ. ಕೆನ್ನೆ ಜೋತುಬೀಳುವುದನ್ನು, ಕಣ್ಣಿನ ಕೆಳಗೆ ಭಾರ ಕೂರುವುದನ್ನು ಒಂದೊಂದಾಗಿ ದಾಖಲಿಸಿದ. ಕಿರೀಟ, ಸಿಂಹಾಸನ ಎಲ್ಲ ಬಹುಮಟ್ಟಿಗೆ ಬಿಟ್ಟ. ಕರಿ ಬಟ್ಟೆ, ಬಿಳಿ ಕಾಲರು, ಕೈಯಲ್ಲಿ ಒಂದು ಕಾಗದ. ನೋಡಿದರೆ ಯಾವುದೋ ಅರ್ಜಿ ಹಿಡಿದುಕೊಂಡು ನಿಂತವನು ಅನ್ನಬೇಕು, ಭೂಮಿಯ ಮೇಲಿನ ಅತಿ ದೊಡ್ಡ ಸಾಮ್ರಾಜ್ಯದ ಒಡೆಯ ಅವನು. ಕಡೆಕಡೆಗೆ ರಾಜನಿಗೇ ಸಾಕಾಯಿತು. 1644ರಿಂದ ಒಂಬತ್ತು ವರ್ಷ ಅವನು ಇವನಿಗೆ ಕೂರಲೇ ಇಲ್ಲ. ಮುಪ್ಪಾಗುವುದನ್ನು ನೋಡಿಕೊಳ್ಳಲು ಇಷ್ಟವಿಲ್ಲ, ವೆಲಾಸ್ಕೆಸ್‌ನ ನಿಧಾನವನ್ನು ಸಹಿಸುವುದೂ ಕಷ್ಟ ಎಂಬರ್ಥದಲ್ಲಿ ಒಂದು ಕಾಗದವನ್ನೂ ಬರೆದಿದ್ದಾನೆ.

"ಮದುವೆ?" ಎಂದರು ಅಮ್ಮ.

ಮೊದಲ ಹೆಂಡತಿ ತೀರಿಕೊಂಡಳು. ಒಬ್ಬನೇ ಮಗ ಬಾಲ್ತಸಾರ್ ಹದಿನೇಳು ತುಂಬುವ ಮೊದಲೇ 1646ರಲ್ಲಿ ಹೋದ. ಆ ಮಗನಿಗೆಂದು ಗೊತ್ತು ಮಾಡಿದ್ದ ಹುಡುಗಿ ಮರಿಯಾನಾ ಇದ್ದಳಲ್ಲ, ಅವಳನ್ನು ಅಪ್ಪನೇ ಮದುವೆಯಾದ. ರಾಜನಿಗೆ 44, ಹುಡುಗಿಗೆ 14. ಸಾಲದ್ದಕ್ಕೆ ಅವಳು ಅವನ ತಂಗಿಯ ಮಗಳು.

ಅಮ್ಮನವರ ಕೈಯಲ್ಲಿದ್ದ ಚಾಪೆ ಬಿಚ್ಚಿಕೊಂಡಿತು. "ತಂಗಿ ಮಗಳನ್ನ? ಅಕ್ಕನ ಮಗಳಾದ್ರೆ ಸರಿ. ತಂಗಿ ಮಗಳು ಹೆತ್ತ ಮಗಳ ಸಮ ಅಲ್ವ? ಯಾವ ಜನ ಅವರು!"

ಪೋಪರ ಅಪ್ಪಣೆ ತಂದು ಆಗುತ್ತಿದ್ದ ಮದುವೆಗಳು ಅವು, ಅಕ್ಕ ತಂಗಿ ಭೇದ ಅಲ್ಲಿ ಇರಲಿಲ್ಲ ಎಂದೆ. ಮುಂದಿನದು ಕೇಳಿ. ಈ ಮರಿಯಾನಾಗೆ 1651ರಲ್ಲಿ ಹುಟ್ಟಿದ ಮಗು ಮಾರ್ಗರಿತಾ. ಅದನ್ನು ಚಿಕ್ಕಂದಿನಲ್ಲೇ ಆಸ್ಟ್ರಿಯದ ಲಿಯೊಪೋಲ್ಡ್‌ಗೆ ಎಂದು ಮಾತಾಡತೊಡಗಿದರು. ಹುಡುಗಿ ಬೆಳೆಯುತ್ತಿದ್ದಾಳೆ ನೋಡಿ ಎಂದು ವಿಯೆನ್ನಾಗೆ ಚಿತ್ರ ಕಳಿಸಬೇಕಲ್ಲ, ಆ ಕೆಲಸ ವೆಲಾಸ್ಕೆಸ್‌ದು. ಮೂರರ ಸುಮಾರಿಗೆ ಗುಲಾಬಿ ಲಂಗ, ಎಂಟರಲ್ಲಿ ನೀಲಿ ಲಂಗ. ಅವು ಇವತ್ತಿಗೂ ವಿಯೆನ್ನಾದ ಮ್ಯೂಸಿಯಮ್ಮಿನಲ್ಲಿವೆ. ನೀಲಿ ಲಂಗದ ಹತ್ತಿರ ಮೂಗು ಇಟ್ಟು ನೋಡಿದರೆ ಲೇಸೂ ಇಲ್ಲ, ಬೆಳ್ಳಿ ಅಂಚೂ ಇಲ್ಲ. ಬಿಳಿ ಬಣ್ಣ ಅಲ್ಲಿ ಇಲ್ಲಿ ತೇಪೆ ಹಾಕಿದಂತಿದೆ, ಕುಂಚ ಒರೆಸಿ ಎಸೆದ ಗುರುತುಗಳು. ನಾಲ್ಕು ಹೆಜ್ಜೆ ಹಿಂದೆ ಬಂದರೆ ರೇಷ್ಮೆ ಸರಭರ ಅನ್ನುತ್ತದೆ. ಅಷ್ಟು ದೂರದಿಂದ ಹೇಗೆ ಕಾಣುತ್ತದೆ ಎಂಬುದನ್ನು ಹತ್ತಿರ ನಿಂತು ಬರೆಯುವವನು ಹೇಗೆ ತಿಳಿದ ಎಂದು ಮುಂದಿನ ಇನ್ನೂರು ವರ್ಷ ಚಿತ್ರಕಾರರೆಲ್ಲ ತಲೆ ಕೆಡಿಸಿಕೊಂಡರು.

ಅಮ್ಮನವರ ಲೆಕ್ಕ ಬೇರೆ ಕಡೆ ಓಡುತ್ತಿತ್ತು. "ಲಿಯೊಪೋಲ್ಡು ಇವಳಿಗೆ ಏನಾಗಬೇಕು?"

ಮರಿಯಾನಾಳ ತಮ್ಮ.

"ಹಾಗಾದ್ರೆ ಅವನಿಗೆ ಅಕ್ಕನ ಮಗಳು."

ಹೌದು. ಜೊತೆಗೆ ಲಿಯೊಪೋಲ್ಡನ ತಾಯಿ ನಮ್ಮ ಫಿಲಿಪ್ ರಾಜನ ತಂಗಿ.

"ಅಂದ್ರೆ ಸೋದರಮಾವನ ಮಗಳೂ ಆದ್ಲು! ಎರಡು ಕಡೆಯಿಂದಲೂ ವರಸೆ ಸರಿಯಾಗಿದೆ," ಎಂದು ತೃಪ್ತಿಯಿಂದ ಹೇಳಿ ಒಳಗೆ ಹೋದರು. ಯೂರೋಪಿನ ಚರಿತ್ರಕಾರರು ಪುಟಗಟ್ಟಲೆ ನಕ್ಷೆ ಹಾಕಿ ತಲೆ ಚಚ್ಚಿಕೊಳ್ಳುವ ವಂಶವೃಕ್ಷವನ್ನು ಹೀಗೆ ಒಂದೇ ಮಾತಿನಲ್ಲಿ ಪಾಸು ಮಾಡಿದವರನ್ನು ನಾನು ಬೇರೆ ಕಂಡಿಲ್ಲ. ಆ ಹುಡುಗಿ 1666ರಲ್ಲಿ ಮದುವೆಯಾಗಿ, ಮೇಲಿಂದ ಮೇಲೆ ಹೆತ್ತು, ಇಪ್ಪತ್ತೊಂದಕ್ಕೆ ತೀರಿಕೊಂಡಳು ಎಂಬುದನ್ನು ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ.

ಶಿರಸ್ತೇದಾರರಿಗೆ ಸಂಸಾರದ ಮಾತು ಸಾಕಾಗಿತ್ತು. "ಒಟ್ಟು ಎಷ್ಟು ಚಿತ್ರ ಬರೆದ? ಔಟ್‌ಪುಟ್ ಎಷ್ಟು?"

ಇಡೀ ಬಾಳಿಗೆ ಸೇರಿಸಿ ಉಳಿದಿರುವುದು ನೂರಿಪ್ಪತ್ತರ ಆಸುಪಾಸು.

"37 ವರ್ಷ ಸರ್ವಿಸು, ನೂರಿಪ್ಪತ್ತು ಫೈಲು!" ಅವರಿಗೆ ನಿಜಕ್ಕೂ ಬೇಸರವಾಯಿತು. "ಸುಮ್ನೆ ಇಂಕ್ರಿಮೆಂಟು ಕೊಟ್ಟಿದಾರೆ."

ಇಲ್ಲಿ ನನಗೂ ಅವರಿಗೂ ಜಗಳ. ಅವನು ಮೈಗಳ್ಳ ಎನ್ನುವುದು ಸುಲಭ. ಕುಂಚ ಹಿಡಿದು ಕೂತ ಹೊತ್ತಿಗಿಂತ ಕುಂಚ ಹಿಡಿಯದೆ ನೋಡುತ್ತ ಕೂತ ಹೊತ್ತೇ ಹೆಚ್ಚಿರಬೇಕು. ಪಚೇಕೊ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ: ಅಳಿಯನ ಕೆಲಸದ ಕೋಣೆಗೆ ರಾಜನ ಹತ್ತಿರ ಒಂದು ಕೀಲಿ, ಕೋಣೆಯೊಳಗೆ ರಾಜನಿಗೊಂದು ಕುರ್ಚಿ. ಮನಸ್ಸು ಬಂದಾಗ ಬಂದು ಕೂತು ನೋಡುತ್ತಿದ್ದನಂತೆ. ಮಾಡಿದ್ದನ್ನು ಅಳಿಸಿ ಮತ್ತೆ ಮಾಡುವುದು ವೆಲಾಸ್ಕೆಸ್‌ನ ಚಾಳಿ. ಕುದುರೆ ಮೇಲೆ ಕೂತ ರಾಜನ ಚಿತ್ರದಲ್ಲಿ ಮೊದಲು ಬರೆದು ಬೇಡವೆಂದು ಮುಚ್ಚಿದ ಕಾಲುಗಳು ಬಣ್ಣ ಹಳತಾದಂತೆ ಮೇಲೆ ತೇಲಿ ಬಂದು, ಕುದುರೆಗೆ ಲೆಕ್ಕಕ್ಕಿಂತ ಹೆಚ್ಚು ಕಾಲು ಕಾಣುತ್ತವೆ. ಮಾರುಕಟ್ಟೆಗೆ ಬರೆಯುವವನಿಗೆ ಈ ಚಾಳಿ ಹೇಳಿಸಿದ್ದಲ್ಲ. ಗಿರಾಕಿ ಬಾಗಿಲಲ್ಲಿ ನಿಂತಿರುತ್ತಾನೆ, ಅವನ ಹೆಂಡತಿಯ ಮೂಗು ಸ್ವಲ್ಪ ನೆಟ್ಟಗಾಗಬೇಕು, ಶನಿವಾರಕ್ಕೆ ಬೇಕು. ಸಂಬಳದವನಿಗೆ ಆ ಕಾಟವಿಲ್ಲ. ತಡವಾಗಿಯಾದರೂ ಸಂಬಳ ಬರುತ್ತದೆ, ಬಾಗಿಲಿಗೆ, ಬಟ್ಟೆಗೆ, ಕಟ್ಟಡಕ್ಕೆ ಬರುತ್ತದೆ. ಚಿತ್ರ ಯಾರನ್ನೂ ಸಾಕಬೇಕಾಗಿಲ್ಲ. ಹಾಗಾಗಿ ಅದು ಸುಳ್ಳು ಹೇಳಬೇಕಾಗಿಲ್ಲ.

"ಸರ್ಕಾರಿ ನೌಕರಿ ಇದ್ದಿದ್ದಕ್ಕೇ ನಿಜ ಬರೆದ ಅಂತೀರಿ," ಎಂದರು ಶಿರಸ್ತೇದಾರರು ಅರ್ಧ ನಗುತ್ತ. ಮೂವತ್ತು ಚಿಲ್ಲರೆ ವರ್ಷ ಷರಾ ಬರೆದವರಿಗೆ ಈ ವಾದ ಇಷ್ಟವಾದಂತಿತ್ತು, ನಂಬಿಕೆ ಬಂದಂತಿರಲಿಲ್ಲ.

ಅರಮನೆಯ ವಿದೂಷಕರನ್ನು ನೋಡಿ, ಎಂದೆ. ಕುಳ್ಳರು, ಮಂದಬುದ್ಧಿಯವರು, ನಗಿಸುವುದಕ್ಕೆ ಸಾಕಿಕೊಂಡವರು. ಸೆಬಾಸ್ಟಿಯನ್ ದ ಮೊರ್ರಾ ಎಂಬ ಕುಳ್ಳನೊಬ್ಬ ನೆಲದ ಮೇಲೆ ಕಾಲು ಚಾಚಿ, ಮುಷ್ಟಿ ಬಿಗಿದು ಕೂತಿದ್ದಾನೆ. ಅವನ ನೋಟ ಎದುರಿಸಿ ನಗಲು ಎದೆ ಬೇಕು. ರಾಜನ ಗದ್ದಕ್ಕೆ ಎಷ್ಟು ಗಮನವೋ ಅಷ್ಟೇ ಗಮನ ಈ ಮನುಷ್ಯನ ಹುಬ್ಬಿಗೆ. ಕ್ಷೌರಿಕರ ಸಾಲಿನಲ್ಲಿ ಪಡಿ ತಿಂದವನಿಗೆ ಆ ಸಾಲಿನವರ ಮುಖ ಗೊತ್ತಿರಲಾರದೆ?

1649ರಲ್ಲಿ ಮತ್ತೆ ಇಟಲಿ. ಈ ಸಲ ಅಧಿಕೃತ ಕೆಲಸ: ಅರಮನೆಗೆ ವಿಗ್ರಹ, ಚಿತ್ರಗಳ ಖರೀದಿ. ರೋಮಿನಲ್ಲಿ ಪೋಪ್ ಹತ್ತನೆಯ ಇನ್ನೊಸೆಂಟ್‌ನ ಚಿತ್ರ ಬರೆಯುವ ಅವಕಾಶ ಬಂತು. ಅದಕ್ಕೆ ಮುಂಚೆ ಕೈ ಪಳಗಿಸಿಕೊಳ್ಳಲೆಂದೋ ಏನೋ, ತನ್ನ ಸಹಾಯಕ ಹುವಾನ್ ದ ಪರೇಹಾನನ್ನು ಕೂರಿಸಿ ಬರೆದ. ಸಹಾಯಕ ಎಂದೆ, ನಿಜ ಹೇಳಬೇಕೆಂದರೆ ಗುಲಾಮ. ವೆಲಾಸ್ಕೆಸ್‌ನ ಸೊತ್ತು. ಚಿತ್ರವನ್ನು 1650ರ ಮಾರ್ಚಿನಲ್ಲಿ ರೋಮಿನ ಪ್ಯಾಂಥಿಯನ್ನಿನಲ್ಲಿ ಪ್ರದರ್ಶನಕ್ಕಿಟ್ಟಾಗ ಊರೆಲ್ಲ ಬೆರಗಾಯಿತಂತೆ. ಲೇಸಿನ ಕಾಲರು ಹಾಕಿಕೊಂಡು, ಕೈಯನ್ನು ಎದೆಗೆ ಅಡ್ಡ ಹಿಡಿದು, ಪರೇಹಾ ನಮ್ಮನ್ನು ನೇರವಾಗಿ ನೋಡುತ್ತಾನೆ. ಯಾವ ಶ್ರೀಮಂತನನ್ನೂ ವೆಲಾಸ್ಕೆಸ್ ಅಷ್ಟು ಎತ್ತರಕ್ಕೆ ನಿಲ್ಲಿಸಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅವನನ್ನು ಬಿಡುಗಡೆ ಮಾಡುವ ಪತ್ರಕ್ಕೆ ಸಹಿ ಹಾಕಿದ, ಇನ್ನೂ ನಾಲ್ಕು ವರ್ಷ ಕೆಲಸ ಮಾಡಿಕೊಡಬೇಕೆಂಬ ಷರತ್ತಿನ ಮೇಲೆ. ಆ ಷರತ್ತು ಓದಿದಾಗೆಲ್ಲ ನನಗೆ ಬಾಯಿ ಕಹಿಯಾಗುತ್ತದೆ. ಪರೇಹಾ ಆಮೇಲೆ ಸ್ವಂತ ಹೆಸರಿನ ಚಿತ್ರಕಾರನಾದ. ಅವನು 1661ರಲ್ಲಿ ಬರೆದ ದೊಡ್ಡ ಚಿತ್ರ ಪ್ರಾಡೊ ಮ್ಯೂಸಿಯಮ್ಮಿನಲ್ಲಿದೆ, ಅದರ ಒಂದು ಅಂಚಿನಲ್ಲಿ ತನ್ನನ್ನೂ ನಿಲ್ಲಿಸಿಕೊಂಡಿದ್ದಾನೆ. ಒಡೆಯ ಬರೆದ ಅವನ ಮುಖ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಹೋಯಿತು, 1970ರಲ್ಲಿ ಲಂಡನ್ನಿನ ಹರಾಜಿನಲ್ಲಿ 23 ಲಕ್ಷ ಪೌಂಡಿಗೂ ಮೇಲೆ ಬಿಕರಿಯಾಗಿ.

ಪೋಪ್ ತನ್ನ ಚಿತ್ರ ನೋಡಿ, ಇದು ಅತಿ ನಿಜವಾಯಿತು ಎಂದನಂತೆ. ಕೆಂಪು ಪರದೆ, ಕೆಂಪು ಕುರ್ಚಿ, ಕೆಂಪು ಮೇಲಂಗಿ, ಆ ಕೆಂಪಿನ ನಡುವೆ ಕೆಂಪಗೆ ಬೆವರಿದ ಮುಖ, ಯಾರನ್ನೂ ನಂಬದ ಎರಡು ಕಣ್ಣು. ಆದರೂ ಬೇಡವೆನ್ನಲಿಲ್ಲ, ಚಿನ್ನದ ಸರ ಕೊಟ್ಟ. ಇತ್ತ ಮ್ಯಾಡ್ರಿಡ್ಡಿನಿಂದ ಬೇಗ ಬಾ, ಬೇಗ ಬಾ ಎಂದು ಕಾಗದದ ಮೇಲೆ ಕಾಗದ. ಬಂದದ್ದು 1651ರ ನಡುವಿಗೆ. ರೋಮಿನಲ್ಲಿ ಅವನಿಗೊಂದು ಗಂಡುಮಗು ಹುಟ್ಟಿದ್ದಕ್ಕೂ ಕಾಗದಪತ್ರ ಸಿಕ್ಕಿದೆ. ಶಿರಸ್ತೇದಾರರು ಒಮ್ಮೆ ಮನೆಯ ಬಾಗಿಲ ಕಡೆ ನೋಡಿ, "ಅದು ಇಲ್ಲೇ ಇರ್ಲಿ," ಎಂದರು.

ಬಂದವನೇ ಒಂದು ದೊಡ್ಡ ಹುದ್ದೆಗೆ ಅರ್ಜಿ ಹಾಕಿದ. ಅರಮನೆಯ ವಸತಿ ವ್ಯವಸ್ಥೆಯ ಮುಖ್ಯಾಧಿಕಾರಿ. ಕೋಣೆ ಕೋಣೆಗೂ ಕೀಲಿ, ಕಸ ಗುಡಿಸುವವರ ಉಸ್ತುವಾರಿ, ಚಳಿಗಾಲಕ್ಕೆ ಸೌದೆ, ರಾಜ ಪ್ರವಾಸ ಹೊರಟರೆ ಮುಂದಾಗಿ ಹೋಗಿ ಬಿಡಾರದ ಏರ್ಪಾಡು. ವರ್ಷಕ್ಕೆ 3,000 ಡಕಟ್, ಜೊತೆಗೆ ಮನೆ. 1652ರಲ್ಲಿ ಸಮಿತಿಯವರು ಅರ್ಜಿದಾರರ ಪಟ್ಟಿ ಮಾಡಿ ಬೇರೆಯವರನ್ನು ಮೇಲೆ ಬರೆದರು. ರಾಜ ಪಟ್ಟಿಯ ಅಂಚಿನಲ್ಲಿ ವೆಲಾಸ್ಕೆಸ್‌ನನ್ನು ನೇಮಿಸಿದ್ದೇನೆ ಎಂದಷ್ಟೇ ಗೀಚಿದ.

"ಓವರ್‌ರೂಲು!" ಶಿರಸ್ತೇದಾರರ ಕಣ್ಣು ಮಿನುಗಿತು.

ಆ ಕೀಲಿ ಅವನ ಸೊಂಟದಲ್ಲಿ ಇವತ್ತಿಗೂ ತೂಗುತ್ತಿದೆ. 1656ರಲ್ಲಿ ಬರೆದ ಲಾಸ್ ಮೆನಿನಾಸ್ ಎಂಬ ಚಿತ್ರದಲ್ಲಿ. ಹತ್ತೂವರೆ ಅಡಿ ಎತ್ತರ, ಒಂಬತ್ತಡಿ ಅಗಲ. ಕತ್ತಲೆ ಕತ್ತಲೆಯಾದ ದೊಡ್ಡ ಕೋಣೆ. ನಡುವೆ ಐದು ವರ್ಷದ ಮಾರ್ಗರಿತಾ, ಅತ್ತಿತ್ತ ಇಬ್ಬರು ಗೆಳತಿಯರು, ಒಬ್ಬಳು ಮಂಡಿಯೂರಿ ಕುಡಿಯಲು ಏನೋ ಕೊಡುತ್ತಿದ್ದಾಳೆ. ಬಲಕ್ಕೆ ಮಾರಿಬಾರ್ಬೊಲಾ ಎಂಬ ಕುಳ್ಳಿ, ಮಲಗಿದ ನಾಯಿಯನ್ನು ಕಾಲಿನಿಂದ ಕೆಣಕುವ ನಿಕೊಲಾಸಿತೊ. ಎಡಕ್ಕೆ ನಮಗೆ ಬೆನ್ನು ಮಾಡಿ ನಿಂತ ಭಾರಿ ಕ್ಯಾನ್ವಾಸು, ಅದರ ಹಿಂದೆ ಕುಂಚ ಹಿಡಿದ ವೆಲಾಸ್ಕೆಸ್ ಸಾಹೇಬರು, ಸೊಂಟದಲ್ಲಿ ಕೀಲಿ. ದೂರದ ಗೋಡೆಯ ಕನ್ನಡಿಯಲ್ಲಿ ಮಸುಕಾಗಿ ರಾಜ, ರಾಣಿ. ಅಂದರೆ ಅವರು ಈಚೆ ನಿಂತಿದ್ದಾರೆ, ನಾವು ನಿಂತ ಜಾಗದಲ್ಲಿ. ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಬೆಳಕಿಗೆ ಅಡ್ಡ ನಿಂತವನು ಹೊಸೆ ನಿಯೆತೊ, ರಾಣಿಯ ಕಡೆಯ ವಸತಿ ಅಧಿಕಾರಿ, 1652ರ ಹುದ್ದೆಗೆ ಅವನೂ ಅರ್ಜಿ ಹಾಕಿದ್ದವನೇ.

"ಸೋತವನನ್ನ ಬಾಗಿಲ ಹೊರಗೆ ನಿಲ್ಲಿಸಿದಾನೆ!" ಎಂದರು ಶಿರಸ್ತೇದಾರರು. ದೊಡ್ಡ ದೊಡ್ಡ ತತ್ವಜ್ಞಾನಿಗಳು ಈ ಚಿತ್ರದ ಮೇಲೆ ಹೊತ್ತಿಗೆಗಳನ್ನು ಬರೆದಿದ್ದಾರೆ, ಪಿಕಾಸೊ 1957ರಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಇದನ್ನೇ ಹಿಡಿದು 58 ಚಿತ್ರ ಬರೆದ. ಈ ಅರ್ಥ ಯಾರಿಗಾದರೂ ಹೊಳೆದಿತ್ತೇ?

ಚಿತ್ರದಲ್ಲಿ ಸಾಹೇಬರ ಎದೆಯ ಮೇಲೆ ಕೆಂಪು ಶಿಲುಬೆ ಇದೆ. ಅದು ಸ್ಯಾಂಟಿಯಾಗೊ ಪಂಥದ ಸರದಾರರ ಗುರುತು, ಚಿತ್ರ ಮುಗಿದ ಮೇಲೆ ಸೇರಿಸಿದ್ದು. ರಾಜನೇ ಕೈಯಾರೆ ಬರೆದ ಎಂದು ಒಂದು ಕಥೆ, ನಂಬುವವರು ನಂಬಲಿ. ಆ ಶಿಲುಬೆಗಾಗಿ ನಡೆದ ವಿಚಾರಣೆ ಮಾತ್ರ ಕಥೆಯಲ್ಲ. 1658ರಲ್ಲಿ ರಾಜ ಹೆಸರು ಸೂಚಿಸಿದ. ಪಂಥದ ನಿಯಮ: ವಂಶ ಶುದ್ಧವಿರಬೇಕು, ಎರಡೂ ಕಡೆ ಕುಲೀನರಿರಬೇಕು, ಕೈಕಸುಬಿನಿಂದ ಬದುಕಿರಬಾರದು. ಅಧಿಕಾರಿಗಳು ಪೋರ್ಚುಗಲ್ ಗಡಿಯವರೆಗೆ, ಸೆವಿಲ್‌ವರೆಗೆ ಹೋಗಿ ನೂರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿದರು. ಗೆಳೆಯರಾದ ಚಿತ್ರಕಾರರು, ಜುರ್ಬರಾನ್, ಅಲೊನ್ಸೊ ಕಾನೊ ಮುಂತಾದವರು ಬಂದು, ಇವನು ಅಂಗಡಿ ಇಟ್ಟವನೇ ಅಲ್ಲ, ಚಿತ್ರ ಮಾರಿದವನೇ ಅಲ್ಲ, ರಾಜನ ಸಂತೋಷಕ್ಕಾಗಿ ಬರೆದವನು ಎಂದು ಪ್ರಮಾಣ ಮಾಡಿದರು. ಸಂಘದ ಪರೀಕ್ಷೆ ಪಾಸಾಗಿ ಸೆವಿಲ್‌ನಲ್ಲಿ ಶಿಷ್ಯರನ್ನಿಟ್ಟುಕೊಂಡು ದುಡಿದವನ ಬಗ್ಗೆ! ಸುಳ್ಳು ಪ್ರಮಾಣ ಎಂದು ನೀವು ಬೇಕಾದರೆ ಹೇಳಿ. ನನಗೆ ಮಾತ್ರ ತಮ್ಮ ಕಸುಬಿನ ಒಬ್ಬನಾದರೂ ಆ ಬಾಗಿಲು ದಾಟಲಿ ಎಂದು ಅವರೆಲ್ಲ ಒಟ್ಟಾಗಿ ಹೆಗಲು ಕೊಟ್ಟಂತೆ ಕಾಣುತ್ತದೆ. ಅಷ್ಟಾದರೂ ಅಜ್ಜಿಯರ ಕುಲೀನತೆ ಸಾಬೀತಾಗಲಿಲ್ಲ ಎಂದು ಪಂಥದವರು ಫೈಲು ವಾಪಸ್ಸು ಮಾಡಿದರು. ರಾಜ ಪೋಪರಿಂದ ವಿನಾಯಿತಿ ತರಿಸಬೇಕಾಯಿತು. 1659ರ ನವೆಂಬರಿನಲ್ಲಿ ಸರದಾರನಾದ. ಅವನಿಗೆ ಆಗ ಅರವತ್ತು.

"ಎಷ್ಟು ದಿನ ಹಾಕ್ಕೊಂಡ ಆ ಶಿಲುಬೆ?"

ಒಂಬತ್ತು ತಿಂಗಳೂ ಇಲ್ಲ. ಫ್ರಾನ್ಸಿನ ಜೊತೆ ರಾಜಿಯಾಗಿ, 1660ರಲ್ಲಿ ರಾಜನ ದೊಡ್ಡ ಮಗಳು ಮರಿಯಾ ತೆರೇಸಾಳನ್ನು ಹದಿನಾಲ್ಕನೆಯ ಲೂಯಿಗೆ ಕೊಟ್ಟರು. ಹುಡುಗಿಯನ್ನು ಒಪ್ಪಿಸುವುದು ಎರಡು ದೇಶದ ನಡುವೆ ಹರಿಯುವ ಬಿದಾಸೊವಾ ಹೊಳೆಯ ನಡುಗಡ್ಡೆಯಲ್ಲಿ. ವಸತಿ ಅಧಿಕಾರಿ ಏಪ್ರಿಲ್‌ನಲ್ಲೇ ಮುಂದಾಗಿ ಹೊರಟ. ದಾರಿಯುದ್ದಕ್ಕೂ ರಾಜನ ಬಿಡಾರಗಳು, ನಡುಗಡ್ಡೆಯಲ್ಲಿ ಮಂಟಪ, ಗೋಡೆಗೆ ಬೆಲೆಬಾಳುವ ಚಿತ್ರವಸ್ತ್ರಗಳು, ಯಾರ ಕುರ್ಚಿ ಗಡಿಯ ಯಾವ ಕಡೆ ಎಂಬ ತಕರಾರು. ಲೋಕದ ಅತಿ ದೊಡ್ಡ ಚಿತ್ರಕಾರ ಆ ವರ್ಷ ಹೊಡೆದದ್ದು ಮೊಳೆ. ಜೂನ್ ಕೊನೆಗೆ ಮ್ಯಾಡ್ರಿಡ್ಡಿಗೆ ಮರಳಿದ. ಜುಲೈ 31ಕ್ಕೆ ಜ್ವರ, ಆಗಸ್ಟ್ 6ಕ್ಕೆ ತೀರಿಕೊಂಡ. ಎಂಟು ದಿನಕ್ಕೆ ಹುವಾನಾಳೂ ಹೋದಳು. ಇಬ್ಬರನ್ನೂ ಮಣ್ಣು ಮಾಡಿದ ಚರ್ಚನ್ನು ಮುಂದೆ ಫ್ರೆಂಚರ ಆಳ್ವಿಕೆಯಲ್ಲಿ ಕೆಡವಿದರು. ನಾನೂರನೆಯ ಹುಟ್ಟುಹಬ್ಬ ಎಂದು 1999ರಲ್ಲಿ ಆ ಜಾಗ ಅಗೆದು ಹುಡುಕಿದರು, ಮೂಳೆ ಸಿಗಲಿಲ್ಲ.

ಶಿರಸ್ತೇದಾರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೆಮ್ಮಿ, "ಹೆಂಡತಿಯೂ ಹೋದಮೇಲೆ ಫ್ಯಾಮಿಲಿ ಪೆನ್ಷನ್ ಪ್ರಶ್ನೆ ಬರಲ್ಲ. ಡ್ಯೂಸು ಯಾರು ತಗೊಂಡ್ರು?" ಎಂದರು.

ಡ್ಯೂಸು ಎಲ್ಲಿ ಬಂತು ಸಾರ್? ಲೆಕ್ಕದಲ್ಲಿ ಬಾಕಿ ಇದೆ ಎಂದು ಮನೆಯ ಸಾಮಾನು ಜಪ್ತಿ ಮಾಡಿದರು. ನೂರೈವತ್ತಕ್ಕೂ ಹೆಚ್ಚು ಪುಸ್ತಕ, ಕನ್ನಡಿಗಳು, ಚಿತ್ರಗಳು ಎಲ್ಲ ಪಟ್ಟಿಗೆ ಬಂದವು. ವಸತಿ ಇಲಾಖೆಯ ದುಡ್ಡಿಗೆ ಸರಿಯಾಗಿ ರಶೀದಿಯಿಲ್ಲ ಎಂದು ಖಜಾನೆಯ ತಗಾದೆ, ಖಜಾನೆಯೇ ಸಂಬಳ ಬಾಕಿ ಇಟ್ಟುಕೊಂಡಿದೆ ಎಂದು ಮನೆಯವರ ತಗಾದೆ. ಮನೆಯವರು ಅಂದರೆ ಅಳಿಯ ಮಾಸೊ, ಅವನೂ ಚಿತ್ರಕಾರನೇ. ಮದುವೆಯ ಹೊತ್ತಿಗೆ ಬಾಗಿಲ ಹುದ್ದೆಯನ್ನು ಮಾವ ಅವನಿಗೆ ಬಿಟ್ಟುಕೊಟ್ಟಿದ್ದ, 1661ರಲ್ಲಿ ಆಸ್ಥಾನ ಚಿತ್ರಕಾರನ ಹುದ್ದೆಯೂ ಅವನಿಗೇ ಬಂತು. ಅವನು ಓಡಾಡಿ ಓಡಾಡಿ ಲೆಕ್ಕ ಇತ್ಯರ್ಥವಾದದ್ದು 1666ರಲ್ಲಿ. ಅಷ್ಟು ಹೊತ್ತಿಗೆ ರಾಜನೂ ಸತ್ತು ವರ್ಷವಾಗಿತ್ತು.

"ಆರೇ ವರ್ಷಕ್ಕೆ ಫೈಲು ಕ್ಲೋಸಾಯ್ತಾ?" ಶಿರಸ್ತೇದಾರರು ಬಗ್ಗಿ ಪೈಪು ಎತ್ತಿಕೊಂಡರು. "ಪರವಾಗಿಲ್ವೇ, ಒಳ್ಳೇ ಸರ್ಕಾರ ಸ್ವಾಮಿ ಅದು."